ಮನೋಸಿದ್ಧನ ವೇಷ ಕಟ್ಟುವುದು ಹೇಗೆ?



ಈ ಸಲ ಒಂದು ಆಟದ ವಿಚಾರ ಮಾತಾಡೋಣ. ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ಈ ದೃಶ್ಯ ನಿಮಗೆ ಹೊಸದಾಗಿರಲಿಕ್ಕಿಲ್ಲ. ಆದಿತ್ಯವಾರ ಮಧ್ಯಾಹ್ನ ನಾಲ್ಕೈದು ಜನ ಮೇಜಿನ ಸುತ್ತ ಕುಳಿತಿರುತ್ತಾರೆ. ಎದುರಿಗೆ ಕಾಗದ, ಪೆನ್ಸಿಲು, ಇಪ್ಪತ್ತು ಮುಖದ ಒಂದು ವಿಚಿತ್ರ ದಾಳ. ಒಬ್ಬ ಕಥೆ ಹೇಳುತ್ತಾನೆ, ಮಿಕ್ಕವರು ನಡುನಡುವೆ ಕೂಗುತ್ತಾರೆ, ವಾದ ಮಾಡುತ್ತಾರೆ, ದಾಳ ಉರುಳಿಸುತ್ತಾರೆ. ಗೆದ್ದವರು ಯಾರು ಎಂದು ಕೇಳಿದರೆ ಉತ್ತರ ಇಲ್ಲ. ನಾಲ್ಕು ಗಂಟೆ ಕಳೆದ ಮೇಲೆ 'ಮುಂದಿನ ವಾರ ಮುಂದುವರಿಸೋಣ' ಎಂದು ಎದ್ದುಹೋಗುತ್ತಾರೆ. ಇದೆಂಥಾ ಆಟವಪ್ಪಾ ಎಂದು ನೀವು ಚಹಾ ಕೊಡುತ್ತಾ ಯೋಚಿಸಿರುತ್ತೀರಿ.

ಈ ಆಟದಲ್ಲಿ ಕಟ್ಟಲು ಎಲ್ಲಕ್ಕಿಂತ ಕಷ್ಟವಾದ ಪಾತ್ರ ಒಂದಿದೆ. ಮನಸ್ಸಿನ ಬಲದಿಂದಲೇ ಕೆಲಸ ಮಾಡುವವನ ಪಾತ್ರ. ಇನ್ನೊಬ್ಬರ ಮನಸ್ಸು ಓದುವವನು, ಮುಂದಾಗುವುದನ್ನು ಕಾಣುವವನು, ಮುಟ್ಟದೆ ವಸ್ತು ಸರಿಸುವವನು. ಆಟ ರಚಿಸುವವರು ಐವತ್ತು ವರ್ಷಗಳಿಂದ ಇವನೊಡನೆ ಹೆಣಗುತ್ತಿದ್ದಾರೆ. ನಮ್ಮ ಕನ್ನಡದ ಕಥೆ ಪುರಾಣಗಳಲ್ಲಿ ಇದೇ ತೊಡಕಿಗೆ ಒಳ್ಳೊಳ್ಳೆಯ ಪರಿಹಾರಗಳು ಆಗಲೇ ಇವೆ. ಅವನ್ನು ಒಂದೊಂದಾಗಿ ನೋಡಿ, ಕೊನೆಗೆ ನಾವೇ ಒಂದು ಪಾತ್ರ ಕಟ್ಟೋಣ.

ಕುಳಿತು ಆಡುವ ಪ್ರಸಂಗ

ಮೊದಲು ಆಟ ಏನೆಂದು ತಿಳಿಯೋಣ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದು ತಾಳಮದ್ದಳೆ ನಡೆಸುವುದನ್ನು ನೀವು ಕೇಳಿದ್ದೀರಿ. ಬಣ್ಣ ಇಲ್ಲ, ಗೆಜ್ಜೆ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ. ಕುಳಿತಲ್ಲೇ ಒಬ್ಬರು ಕರ್ಣ, ಇನ್ನೊಬ್ಬರು ಶಲ್ಯ. ಪ್ರಸಂಗದ ಹಾದಿ ಎಲ್ಲರಿಗೂ ಗೊತ್ತು, ಆದರೆ ಮಾತು ಅಲ್ಲೇ ಹುಟ್ಟಬೇಕು. ಎದುರಿನ ಅರ್ಥಧಾರಿ ಅನಿರೀಕ್ಷಿತವಾಗಿ ಒಂದು ಪ್ರಶ್ನೆ ಎಸೆದರೆ ಅದಕ್ಕೆ ಆ ಕ್ಷಣವೇ ಪಾತ್ರದ ಒಳಗಿನಿಂದ ಉತ್ತರ ಕೊಡಬೇಕು.

ಮೇಜಿನ ಪಾತ್ರಾಟವೂ ಹೆಚ್ಚುಕಡಿಮೆ ಹೀಗೆಯೇ. ಕಥೆ ನಡೆಸುವವನು ಭಾಗವತನ ಜಾಗದಲ್ಲಿರುತ್ತಾನೆ. ಅವನನ್ನು ಸೂತ್ರಧಾರ ಎನ್ನೋಣ. ಆಡುವವರು ಅರ್ಥಧಾರಿಗಳು. ಒಂದೇ ವ್ಯತ್ಯಾಸ, ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿಲ್ಲ. ಗೋಡೆ ಹತ್ತಲು ಆಗುತ್ತದೋ ಇಲ್ಲವೋ ಎಂಬಂಥ ಸಂಶಯ ಬಂದಾಗ ದಾಳ ತೀರ್ಪು ಕೊಡುತ್ತದೆ. ಇಂಥ ಆಟಗಳಲ್ಲಿ ಮೊದಲು ಅಚ್ಚಾಗಿ ಮಾರಾಟಕ್ಕೆ ಬಂದದ್ದು 1974ರಲ್ಲಿ, ಅಮೆರಿಕದಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ರಚಿಸಿದ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್'.

ಈ ಆಟದಲ್ಲಿ 'ಕ್ಲಾಸ್' ಎಂಬ ಮಾತು ಬರುತ್ತದೆ. ಶಾಲೆಯ ಕ್ಲಾಸ್ ಅಲ್ಲ. ಯಕ್ಷಗಾನದಲ್ಲಿ ಪುಂಡುವೇಷ, ಕಿರೀಟವೇಷ, ಬಣ್ಣದ ವೇಷ, ಸ್ತ್ರೀವೇಷ ಎಂದು ವಿಂಗಡಿಸುತ್ತೇವಲ್ಲ, ಹಾಗೆ. ಅಭಿಮನ್ಯು ಬೇರೆ, ಬಬ್ರುವಾಹನ ಬೇರೆ, ಆದರೆ ಇಬ್ಬರೂ ಪುಂಡುವೇಷ. ವೇಷ ಯಾವುದೆಂದು ತಿಳಿದೊಡನೆ ಅದರ ನಡೆ, ಬಲ, ಮಿತಿ ಇಷ್ಟು ಎಂದು ಅಂದಾಜಾಗುತ್ತದೆ. ಆಟದಲ್ಲೂ ಕತ್ತಿ ಹಿಡಿಯುವವನದು ಒಂದು ವೇಷ, ಕಳ್ಳನದು ಒಂದು, ಮಂತ್ರವಾದಿಯದು ಒಂದು. ಮನೋಬಲದವನದು ಇನ್ನೊಂದು. ಅವನನ್ನು ನಾವು ಮನೋಸಿದ್ಧ ಎಂದು ಕರೆಯೋಣ.

ಈ ವೇಷ ಯಾಕೆ ಕಷ್ಟ?

ಕತ್ತಿಯವನು ಹೊಡೆದರೆ ಎದುರಾಳಿ ಬೀಳುತ್ತಾನೆ, ಅಷ್ಟೇ. ಕಥೆಗೆ ಏನೂ ಆಗುವುದಿಲ್ಲ. ಮನೋಸಿದ್ಧ ಹಾಗಲ್ಲ. ಮೂರು ತೊಂದರೆಗಳನ್ನು ಅವನು ಬಗಲಲ್ಲೇ ಇಟ್ಟುಕೊಂಡು ಬರುತ್ತಾನೆ.

ಒಂದು, ಮನಸ್ಸು ಓದಿದರೆ ಗುಟ್ಟು ಉಳಿಯುವುದಿಲ್ಲ. ರಾಜನನ್ನು ಕೊಂದವರು ಯಾರು ಎಂದು ಮೂರು ವಾರ ಹುಡುಕಬೇಕಾದ ಕಥೆಯನ್ನು ಅವನು ಆಸ್ಥಾನದಲ್ಲಿ ಒಂದು ಸುತ್ತು ಕಣ್ಣಾಡಿಸಿ ಮುಗಿಸಿಬಿಡುತ್ತಾನೆ.

ಎರಡು, ಭವಿಷ್ಯ ಕಂಡರೆ ಸೂತ್ರಧಾರನ ಕೈ ಕಟ್ಟಿಹೋಗುತ್ತದೆ. ನಾಳೆ ಏನಾಗುತ್ತದೆ ಎಂದು ಸೂತ್ರಧಾರನಿಗೇ ಗೊತ್ತಿಲ್ಲ. ಆಡುವವರು ನಿರ್ಧರಿಸಬೇಕು, ದಾಳ ಬೀಳಬೇಕು. ಹಾಗಿರುವಾಗ ಇವನಿಗೆ ಏನು ಹೇಳುವುದು?

ಮೂರನೆಯದು ದೊಡ್ಡ ತೊಂದರೆ. ವಶೀಕರಣ. ಇನ್ನೊಂದು ಪಾತ್ರವನ್ನು ತನ್ನಿಚ್ಛೆಯಂತೆ ಕುಣಿಸುವುದು. ಈ ಆಟದಲ್ಲಿ ಆಡುವವನ ಬಳಿ ಇರುವ ಒಂದೇ ಆಸ್ತಿ ಎಂದರೆ 'ನನ್ನ ಪಾತ್ರ ಏನು ಮಾಡುತ್ತದೆ' ಎಂದು ಹೇಳುವ ಹಕ್ಕು. ವಶೀಕರಣ ಅದನ್ನೇ ಕಿತ್ತುಕೊಳ್ಳುತ್ತದೆ. ಕತ್ತಿ ಏಟು ತಿಂದ ಹುಡುಗ ನಗುತ್ತಾನೆ. ತನ್ನ ಪಾತ್ರದ ಬಾಯಿಂದ ಬೇರೆಯವರು ಮಾತಾಡಿದಾಗ ಅವನ ಮುಖ ಸಣ್ಣದಾಗುತ್ತದೆ, ಮುಂದಿನ ವಾರ ಅವನು ಬರುವುದಿಲ್ಲ.

ಆದ್ದರಿಂದ ಮನೋಸಿದ್ಧನನ್ನು ಕಟ್ಟುವಾಗ ಶಕ್ತಿಗಳ ಪಟ್ಟಿ ಆಮೇಲೆ ಮಾಡಿದರೆ ಸಾಕು. ಒಂದೊಂದು ಶಕ್ತಿಗೂ ಬೆಲೆ ಎಷ್ಟು, ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ಬರೆಯಬೇಕು.

ಮುಂಬಯಿಯ ಮೂಲಕ ಹೋದ ಮಾತುಗಳು

ಈ ಆಟದ ಪುಸ್ತಕ ತೆರೆದರೆ 'ಆಸ್ಟ್ರಲ್', 'ಎಥೀರಿಯಲ್', 'ಟೆಲಿಪಥಿ' ಎಂಬ ಮಾತುಗಳು ಮತ್ತೆ ಮತ್ತೆ ಸಿಗುತ್ತವೆ. ಎಲ್ಲೋ ದೂರದ ಸರಕು ಎನಿಸುತ್ತದೆ. ಆದರೆ ಇವುಗಳ ದಾರಿಯ ಒಂದು ತಿರುವು ನಮ್ಮ ಫೋರ್ಟಿನ ಅಂಚಿನಲ್ಲೇ ಇದೆ.

1879ರ ಫೆಬ್ರವರಿಯಲ್ಲಿ ಮೇಡಂ ಬ್ಲಾವಟ್ಸ್ಕಿ ಮತ್ತು ಕರ್ನಲ್ ಆಲ್ಕಾಟ್ ಎಂಬ ಥಿಯಾಸಫಿ ಸ್ಥಾಪಕರು ಹಡಗಿನಿಂದ ಮುಂಬಯಿಗೆ ಬಂದಿಳಿದರು. ಮರು ತಿಂಗಳೇ ಧೋಬಿ ತಲಾವಿನ ಫ್ರಾಮ್‌ಜಿ ಕಾವಸ್‌ಜಿ ಸಭಾಂಗಣದಲ್ಲಿ ಆಲ್ಕಾಟರ ಭಾಷಣ ಆಯಿತು. ಆ ವರ್ಷದ ಅಕ್ಟೋಬರಿನಲ್ಲಿ 'ದಿ ಥಿಯಾಸಫಿಸ್ಟ್' ಮಾಸಪತ್ರಿಕೆ ಮುಂಬಯಿಯಿಂದ ಹೊರಟಿತು. 1882ರ ಕೊನೆಯಲ್ಲಿ ಅವರು ಮದ್ರಾಸಿನ ಅಡ್ಯಾರಿಗೆ ಹೋದರು. ಯೋಗ, ಸಿದ್ಧಿ, ಸೂಕ್ಷ್ಮ ಶರೀರ ಎಂಬ ನಮ್ಮ ಮಾತುಗಳನ್ನು ಅವರು ತಮ್ಮ 'ಆಸ್ಟ್ರಲ್' ಮುಂತಾದ ಪದಗಳೊಂದಿಗೆ ಬೆರೆಸಿ ಇಂಗ್ಲಿಷ್ ಓದುಗರಿಗೆ ಕೊಟ್ಟರು.

ಅದೇ 1882ರಲ್ಲಿ ಲಂಡನ್ನಿನಲ್ಲಿ ಇಂಥ ಸಂಗತಿಗಳನ್ನು ಪರೀಕ್ಷಿಸಲು ಒಂದು ಸಂಘ ಹುಟ್ಟಿತು. ಅದರ ಸ್ಥಾಪಕರಲ್ಲೊಬ್ಬರಾದ ಫ್ರೆಡರಿಕ್ ಮೈಯರ್ಸ್ 'ಟೆಲಿಪಥಿ' ಎಂಬ ಪದವನ್ನು ಟಂಕಿಸಿದರು. ಆ ಸಂಘದ ರಿಚರ್ಡ್ ಹಾಡ್ಜ್‌ಸನ್ ಭಾರತಕ್ಕೆ ಬಂದು ವಿಚಾರಣೆ ನಡೆಸಿದರು. ಬ್ಲಾವಟ್ಸ್ಕಿಯ ಪವಾಡಗಳು ಕೈಚಳಕ ಎಂಬ ಅವರ ವರದಿ 1885ರಲ್ಲಿ ಹೊರಬಿತ್ತು. ಒಂದು ನೂರು ವರ್ಷದ ನಂತರ, 1986ರಲ್ಲಿ, ಆ ವರದಿಯ ಕ್ರಮವನ್ನೇ ಟೀಕಿಸುವ ಲೇಖನವನ್ನೂ ಅದೇ ಸಂಘ ಪ್ರಕಟಿಸಿತು. ವಾದ ಏನೇ ಇರಲಿ, ಮಾತುಗಳು ಮಾತ್ರ ಉಳಿದವು. 1934ರಲ್ಲಿ ಅಮೆರಿಕದ ಜೆ.ಬಿ. ರೈನ್ ಐದು ಚಿತ್ರಗಳ 25 ಕಾರ್ಡುಗಳನ್ನು ಹಿಡಿದು ಅತೀಂದ್ರಿಯ ಜ್ಞಾನದ ಪ್ರಯೋಗಗಳ ಪುಸ್ತಕ ಬರೆದರು. 1950ರ ದಶಕದ ವಿಜ್ಞಾನ ಕಥೆಗಳು 'ಸೈಯಾನಿಕ್ಸ್' ಎಂಬ ಹೊಸ ಹೆಸರಿಟ್ಟವು. ಆ ಹೆಸರೇ 1976ರಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸಿನ ಒಂದು ಪುರವಣಿಯೊಳಗೆ ಬಂದು ಕೂತಿತು.

ಹೀಗೆ ಹೊರಟ ಸಾಮಾನು ದೇಶ ಸುತ್ತಿ, ಇಂಗ್ಲಿಷ್ ಅಂಗಿ ತೊಟ್ಟು, ಈಗ ನಮ್ಮ ಮಕ್ಕಳ ಮೇಜಿಗೆ ವಾಪಸಾಗಿದೆ.

ಐವತ್ತು ವರ್ಷದ ಪಾಠಗಳು

ಅಮೆರಿಕದ ರಚನಕಾರರು ಏನೇನು ಮಾಡಿ ನೋಡಿದರು ಎಂದು ತಿಳಿದುಕೊಂಡರೆ ನಮ್ಮ ಶ್ರಮ ಕಡಿಮೆಯಾಗುತ್ತದೆ.

1978ರ ನಿಯಮಪುಸ್ತಕದಲ್ಲಿ ಮನೋಶಕ್ತಿ ಒಂದು ಲಾಟರಿ. ಬುದ್ಧಿ, ವಿವೇಕ, ವರ್ಚಸ್ಸು ಈ ಮೂರರಲ್ಲಿ ಒಂದಾದರೂ 16 ಅಥವಾ ಅದಕ್ಕಿಂತ ಹೆಚ್ಚು ಇರುವವನು ನೂರರ ದಾಳ ಉರುಳಿಸಬೇಕು. ಬಿದ್ದರೆ ಶಕ್ತಿ, ಇಲ್ಲದಿದ್ದರೆ ಇಲ್ಲ. ಅವನು ಕತ್ತಿಯವನೂ ಆಗಿರಬಹುದು. ಅಂದರೆ ಪಕ್ಕದವನಷ್ಟೇ ಕಷ್ಟಪಟ್ಟವನಿಗೆ ಅದೃಷ್ಟದಿಂದ ಎರಡು ಪಾಲು ಊಟ. ಅದರ ಮೇಲೆ ಮನಸ್ಸು ಮನಸ್ಸಿನ ಕಾಳಗಕ್ಕೆ ಐದು ಬಗೆಯ ದಾಳಿ, ಐದು ಬಗೆಯ ರಕ್ಷಣೆ, ಬೇರೆಯದೇ ಕೋಷ್ಟಕ. ಅದು ನಡೆಯುವಷ್ಟು ಹೊತ್ತು ಮಿಕ್ಕವರು ಚಕ್ಕುಲಿ ತಿನ್ನುತ್ತಾ ಕೂರಬೇಕು.

1991ರಲ್ಲಿ ಅವನಿಗೆ ಸ್ವಂತ ವೇಷ ಸಿಕ್ಕಿತು. 2001ರ ಪುಸ್ತಕದಲ್ಲಿ ಒಂದೊಂದು ಶಾಖೆಗೂ ಒಂದೊಂದು ಬೇರೆ ಗುಣ ಬೇಕಾಗಿತ್ತು. ಎಲ್ಲ ಗುಣವೂ ಉಳ್ಳವನು ಎಲ್ಲಿ ಸಿಗುತ್ತಾನೆ? 2004ರಲ್ಲಿ ಅದನ್ನು ತಿದ್ದಿದರು, ಅಲ್ಲಿನ ಲೆಕ್ಕ ಚೊಕ್ಕ. ಮೊದಲ ಹಂತದ ಶಕ್ತಿಗೆ 1 ಅಂಶ, ಎರಡನೆಯದಕ್ಕೆ 3, ಮೂರನೆಯದಕ್ಕೆ 5, ಹೀಗೆ ಒಂಬತ್ತನೆಯದಕ್ಕೆ 17. ಜೊತೆಗೆ ಒಂದು ಬೇಲಿ: ಒಂದು ಸಲಕ್ಕೆ ತನ್ನ ಮಟ್ಟಕ್ಕಿಂತ ಹೆಚ್ಚು ಅಂಶ ಸುರಿಯುವಂತಿಲ್ಲ. ಈ ಬೇಲಿ ಇಲ್ಲದಿದ್ದರೆ ಏನಾಗುತ್ತದೆ? ತಿಂಗಳ ಸಂಬಳವನ್ನು ಒಂದೇ ದಿನ ಉಡಾಯಿಸಿದವನಂತೆ ಮನೋಸಿದ್ಧ ಮೊದಲ ಕಾಳಗದಲ್ಲೇ ಎಲ್ಲ ಖರ್ಚು ಮಾಡಿ ಎದುರಾಳಿಯನ್ನು ಬೂದಿ ಮಾಡುತ್ತಾನೆ. ಆಮೇಲೆ ಕೈಕಟ್ಟಿ ಕೂರುತ್ತಾನೆ.

2015ರಿಂದ 2017ರವರೆಗೆ 'ಮಿಸ್ಟಿಕ್' ಎಂಬ ವೇಷವನ್ನು ಪರೀಕ್ಷೆಗೆ ಬಿಟ್ಟರು. ಅವನು ಹೊಡೆಯಬಲ್ಲ, ಗುಣಪಡಿಸಬಲ್ಲ, ಅಡಗಬಲ್ಲ, ಮನಸ್ಸು ಓದಬಲ್ಲ. ಎಲ್ಲರ ಕೆಲಸವನ್ನೂ ಒಬ್ಬನೇ ಮಾಡಿದರೆ ಉಳಿದವರಿಗೇನು ಕೆಲಸ? ಆ ವೇಷ ಪುಸ್ತಕಕ್ಕೆ ಬರಲೇ ಇಲ್ಲ. 2020ರಲ್ಲಿ ಬೇರೆ ವೇಷಗಳಿಗೆ ಚೂರುಚೂರಾಗಿ ಮನೋಶಕ್ತಿ ಹಂಚಿದರು. 2025ರಲ್ಲಿ 'ಸೈಯಾನ್' ಎಂಬ ಹೊಸ ವೇಷವನ್ನು ಮತ್ತೆ ಪರೀಕ್ಷೆಗೆ ಬಿಟ್ಟರು.

ಇವೆಲ್ಲದರ ನಡುವೆ 2015ರಲ್ಲಿ 'ಪಾಥ್‌ಫೈಂಡರ್' ಎಂಬ ಇನ್ನೊಂದು ಆಟ ಒಂದು ಸುಂದರ ನಿಯಮ ಮಾಡಿತು. ಮಂತ್ರವಾದಿಯ ಬಾಯಿ ಕಟ್ಟಿದರೆ ಅವನ ಮಂತ್ರ ನಿಲ್ಲುತ್ತದೆ. ಮನೋಸಿದ್ಧನಿಗೆ ಬಾಯಿ ಬೇಕಿಲ್ಲ. ಆದರೆ ಅವನನ್ನು ಹೆದರಿಸಿದರೆ, ಅವನ ಭಾವ ಕದಡಿದರೆ, ಅವನ ಶಕ್ತಿ ನಿಲ್ಲುತ್ತದೆ. ಬೀಗ ಯಾವ ಬಾಗಿಲಿಗೆ ಹಾಕಬೇಕೆಂದು ಅವರು ಸರಿಯಾಗಿ ಕಂಡುಕೊಂಡಿದ್ದರು.

ನಮ್ಮ ಕಥೆಗಳೊಳಗಿನ ನಿಯಮಗಳು

ಈಗ ನಮ್ಮ ಮನೆಗೆ ಬರೋಣ. ಸಿದ್ಧಿ ಎಂದೊಡನೆ ಅಣಿಮಾ, ಮಹಿಮಾ, ಗರಿಮಾ, ಲಘಿಮಾ, ಪ್ರಾಪ್ತಿ, ಪ್ರಾಕಾಮ್ಯ, ಈಶಿತ್ವ, ವಶಿತ್ವ ಎಂದು ಎಂಟು ಹೆಸರು ಹೇಳುತ್ತೇವೆ. ಅದು ಬರೀ ಪಟ್ಟಿ. ಆಟಕ್ಕೆ ಬೇಕಾದ ನಿಯಮ ಸಿಗುವುದು ಕಥೆಗಳಲ್ಲಿ.

ಪತಂಜಲಿಯ ಯೋಗಸೂತ್ರದ ಮೂರನೆಯ ಪಾದದ ಬಹುಪಾಲು ಸಿದ್ಧಿಗಳ ವಿಚಾರ. ಅಲ್ಲಿ ಪರಚಿತ್ತ ಜ್ಞಾನಕ್ಕೆ ಒಂದು ಮಿತಿ ಹಾಕಲಾಗಿದೆ. ಇನ್ನೊಬ್ಬನ ಚಿತ್ತದ ಸ್ಥಿತಿ ತಿಳಿಯುತ್ತದೆ, ಆ ಚಿತ್ತ ಯಾವ ವಸ್ತುವನ್ನು ಹಿಡಿದುಕೊಂಡಿದೆ ಎಂಬುದು ತಿಳಿಯುವುದಿಲ್ಲ. ಎಂದರೆ ಮಂತ್ರಿಗೆ ಕೋಪ ಬಂದಿದೆ ಎಂದು ಗೊತ್ತಾಗುತ್ತದೆ. ಯಾರ ಮೇಲೆ ಎಂದು ಗೊತ್ತಾಗುವುದಿಲ್ಲ. ನಮ್ಮ ಮೊದಲ ತೊಂದರೆಗೆ ಇದಕ್ಕಿಂತ ಒಳ್ಳೆಯ ಔಷಧಿ ಬೇಕೇ? ಗುಟ್ಟು ಉಳಿಯಿತು, ಒಂದು ಸುಳಿವೂ ಸಿಕ್ಕಿತು. ಅದೇ ಗ್ರಂಥದ ನಾಲ್ಕನೆಯ ಪಾದದ ಮೊದಲಲ್ಲೇ ಸಿದ್ಧಿ ಬರುವ ಐದು ದಾರಿ ಹೇಳಿದೆ: ಹುಟ್ಟು, ಔಷಧಿ, ಮಂತ್ರ, ತಪಸ್ಸು, ಸಮಾಧಿ. ನಿಮ್ಮ ಪಾತ್ರಕ್ಕೆ ಶಕ್ತಿ ಎಲ್ಲಿಂದ ಬಂತು ಎಂದು ಕೇಳಿದರೆ ಐದರಲ್ಲಿ ಒಂದನ್ನು ಆರಿಸಿಕೊಳ್ಳಿ. ಹುಟ್ಟಿನಿಂದ ಬಂದವನಿಗೆ ಹಿಡಿತ ಕಡಿಮೆ ಇರಲಿ. ಔಷಧಿಯವನಿಗೆ ಸೊಪ್ಪು ಮುಗಿಯುವ ಚಿಂತೆ ಇರಲಿ.

ಭವಿಷ್ಯ ಕಾಣುವವನಿಗೆ ನಮ್ಮಲ್ಲಿ ಸಹದೇವನಿದ್ದಾನೆ. ಅವನಿಗೆ ಎಲ್ಲವೂ ಗೊತ್ತು, ಆದರೆ ಯಾರಾದರೂ ಕೇಳದೆ ಹೇಳುವಂತಿಲ್ಲ ಎಂದು ನಮ್ಮ ಅಜ್ಜಿಯರು ಕಥೆ ಹೇಳುತ್ತಿದ್ದರು. ಕೇಳಬೇಕಾದ ಹೊತ್ತಿನಲ್ಲಿ ಯಾರೂ ಕೇಳಲಿಲ್ಲ. ಇದನ್ನು ನಿಯಮ ಮಾಡಿ ನೋಡಿ. ಮನೋಸಿದ್ಧನಿಗೆ ಸೂತ್ರಧಾರ ಒಂದು ಚೀಟಿ ಕೊಡುತ್ತಾನೆ. ಗೆಳೆಯರ ಪಾತ್ರಗಳಲ್ಲಿ ಒಬ್ಬರು ಸರಿಯಾದ ಪ್ರಶ್ನೆ ಕೇಳಿದರೆ ಮಾತ್ರ ಅವನು ಬಾಯಿ ಬಿಡಬಹುದು. ಆಗ ಒಬ್ಬನ ಶಕ್ತಿ ಎಲ್ಲರ ಆಟವಾಗುತ್ತದೆ.

ದೂರದರ್ಶನಕ್ಕೆ ಸಂಜಯ. ವ್ಯಾಸರು ಕೊಟ್ಟ ದಿವ್ಯದೃಷ್ಟಿಯಿಂದ ಅವನು ಕುರುಕ್ಷೇತ್ರವನ್ನೆಲ್ಲ ಕಂಡು ಧೃತರಾಷ್ಟ್ರನಿಗೆ ಹೇಳಿದ. ಒಂದು ಬಾಣವನ್ನೂ ತಡೆಯಲು ಅವನಿಂದಾಗಲಿಲ್ಲ. ದುರ್ಯೋಧನ ಸತ್ತ ಮೇಲೆ ಆ ದೃಷ್ಟಿಯೂ ಹೋಯಿತು. ಕಾಣಬಹುದು, ಕೈ ಹಾಕುವಂತಿಲ್ಲ, ಕೆಲಸ ಮುಗಿದೊಡನೆ ಶಕ್ತಿ ವಾಪಸು. ಮೂರು ಬೇಲಿ ಒಂದೇ ಕಥೆಯಲ್ಲಿ.

ಪರಕಾಯ ಪ್ರವೇಶಕ್ಕೆ ಶಂಕರಾಚಾರ್ಯರ ಕಥೆ. ಉಭಯಭಾರತಿಯ ಪ್ರಶ್ನೆಗೆ ಉತ್ತರ ಹುಡುಕಲು ಒಂದು ತಿಂಗಳ ಗಡುವು ಪಡೆದು, ಸತ್ತ ಅಮರುಕ ರಾಜನ ದೇಹ ಹೊಕ್ಕರು. ಸ್ವಂತ ದೇಹ ಗುಹೆಯಲ್ಲಿ, ಶಿಷ್ಯರ ಕಾವಲಿನಲ್ಲಿ. ಅರಮನೆಯ ಸುಖದಲ್ಲಿ ತಾನು ಯಾರೆಂಬುದೇ ಮರೆಯತೊಡಗಿತು. ಶಿಷ್ಯರು ಗಾಯಕರ ವೇಷದಲ್ಲಿ ಬಂದು ಹಾಡಿ ನೆನಪಿಸಿದರು. ಅತ್ತ ಸಂಶಯಗೊಂಡ ಮಂತ್ರಿಗಳು ರಾಜ್ಯದಲ್ಲಿರುವ ಹೆಣಗಳನ್ನೆಲ್ಲ ಸುಡಲು ಆಳು ಕಳಿಸಿದ್ದರು. ನೋಡಿ, ಗಡುವು ಇದೆ, ಕಾವಲು ಬೇಕು, ಮರೆವಿನ ಅಪಾಯ ಇದೆ, ದೇಹ ಹೋಗುವ ಅಪಾಯ ಇದೆ. ಜೊತೆಗಾರರಿಗೆ ಎರಡು ಕಡೆ ಕೆಲಸ ಇದೆ. ಅಮೆರಿಕದ ಪುಸ್ತಕದಲ್ಲಿ ಆಸ್ಟ್ರಲ್ ಪ್ರಯಾಣಿಕನ ದೇಹಕ್ಕೆ ಬೆಳ್ಳಿಯ ಹುರಿ ಕಟ್ಟಿದ್ದಾರೆ, ಅದು ಕಡಿದರೆ ಸಾವು. ನಮ್ಮಲ್ಲಿ ಹುರಿಯ ಜಾಗದಲ್ಲಿ ಶಿಷ್ಯರಿದ್ದಾರೆ. ಆಟಕ್ಕೆ ಇದೇ ಚೆನ್ನ.

ಇನ್ನು ಬಿ.ಎ.ಯಲ್ಲಿ ಕನ್ನಡ ಓದಿದವರಿಗೆ ಮರೆಯಲಾಗದ ಒಂದು ಪ್ರಸಂಗ. 15ನೇ ಶತಮಾನದಿಂದ ಬೇರೆ ಬೇರೆ ಸಂಪಾದಕರು ಕಟ್ಟಿದ ಶೂನ್ಯಸಂಪಾದನೆಯಲ್ಲಿ ಗೋರಕ್ಷ ಮತ್ತು ಅಲ್ಲಮರ ಭೇಟಿ. ಗೋರಕ್ಷ ವಜ್ರಕಾಯನಾಗಿದ್ದ. ಕತ್ತಿಯಿಂದ ಹೊಡೆದರೆ ಖಣಿಲ್ ಎಂದಿತು, ಮೈಗೆ ಏನೂ ಆಗಲಿಲ್ಲ. ತಿರುಗಿ ಅಲ್ಲಮನಿಗೆ ಹೊಡೆದರೆ ಕತ್ತಿ ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ಲೆಕ್ಕ ಹಾಕಿದರೆ ಇಬ್ಬರಿಗೂ ಗಾಯ ಸೊನ್ನೆ. ಆದರೆ ಇಬ್ಬರೂ ಒಂದೇ ಅಲ್ಲ ಎಂದು ಗೋರಕ್ಷನಿಗೆ ಆ ಕ್ಷಣ ತಿಳಿಯಿತು. ರಚನಕಾರನಿಗೆ ಇದು ದೊಡ್ಡ ಪಾಠ. ಎರಡು ಶಕ್ತಿಗಳ ಅಂಕಿ ಒಂದೇ ಇರಬಹುದು, ಅವು ಪಾತ್ರದ ಬಗ್ಗೆ ಹೇಳುವ ಮಾತು ಬೇರೆ ಇರಬೇಕು. ಒಬ್ಬ ಮೈಯನ್ನು ಗಟ್ಟಿ ಹಿಡಿದು ಗೆದ್ದ, ಇನ್ನೊಬ್ಬ ಬಿಟ್ಟುಕೊಟ್ಟು.

ನಾವೇ ಕಟ್ಟೋಣ

ಲೂಡೋದ ಆರು ಮುಖದ ದಾಳ ಒಂದಿದ್ದರೆ ಸಾಕು. ನಮ್ಮ ಮನೋಸಿದ್ಧನಿಗೆ ದಿನಕ್ಕೆ ಏಕಾಗ್ರತೆಯ ಅಂಶಗಳು ಇಷ್ಟು: ಅವನ ಮಟ್ಟ ಮತ್ತು ಅದಕ್ಕೆ 3 ಕೂಡಿಸಿ. ಒಂದನೆಯ ಮಟ್ಟದವನಿಗೆ 4. ರಾತ್ರಿ ನಿದ್ದೆ ಮಾಡಿದರೆ ತುಂಬಿಕೊಳ್ಳುತ್ತದೆ. ಒಂದು ಸಲಕ್ಕೆ ತನ್ನ ಮಟ್ಟಕ್ಕಿಂತ ಹೆಚ್ಚು ಅಂಶ ಖರ್ಚು ಮಾಡುವಂತಿಲ್ಲ. ಅವನಿಗೆ ಸಿದ್ಧಿ ಮೂರೇ ಮೂರು.

ಪರಚಿತ್ತ. 1 ಅಂಶಕ್ಕೆ ಎದುರಿನವನ ಭಾವ ಮಾತ್ರ ತಿಳಿಯುತ್ತದೆ, ಕಾರಣ ತಿಳಿಯುವುದಿಲ್ಲ. 2 ಅಂಶಕ್ಕೆ ಹೌದು ಅಥವಾ ಅಲ್ಲ ಎಂಬ ಒಂದು ಉತ್ತರ. 3 ಅಂಶಕ್ಕೆ ಅವನ ಮನಸ್ಸಿನಲ್ಲಿ ಆ ಗಳಿಗೆ ಓಡುತ್ತಿರುವ ಒಂದೇ ಒಂದು ವಾಕ್ಯ.

ಲಘಿಮಾ. 1 ಅಂಶಕ್ಕೆ ಹೆಜ್ಜೆ ಸಪ್ಪಳವಿಲ್ಲ. 2 ಅಂಶಕ್ಕೆ ಎತ್ತರದಿಂದ ಬಿದ್ದರೂ ಪೆಟ್ಟಿಲ್ಲ. 3 ಅಂಶಕ್ಕೆ ನೀರಿನ ಮೇಲೆ ಹತ್ತು ಹೆಜ್ಜೆ.

ವಸ್ತುಶ್ರವಣ. ಇದು ಆಕಾಶವಾಣಿ ಕೇಳಿ ಬೆಳೆದವರಿಗಾಗಿ. ಹಳೆಯ ವಸ್ತುವನ್ನು ಮುಟ್ಟಿದರೆ ಅದರ ಹಿಂದಿನದು ಕೇಳಿಸುತ್ತದೆ, ಕಾಣಿಸುವುದಿಲ್ಲ. 1 ಅಂಶಕ್ಕೆ ಒಂದು ದಿನ ಹಿಂದಿನ ಶಬ್ದ, 2 ಅಂಶಕ್ಕೆ ಒಂದು ವರ್ಷ, 3 ಅಂಶಕ್ಕೆ ಎಷ್ಟು ಹಿಂದಿನದಾದರೂ.

ಕಾಣಿಸದೆ ಕೇಳಿಸುವುದು ಯಾಕೆ ಎನ್ನುತ್ತೀರಾ? ಫೋರ್ಟಿನದೇ ಉದಾಹರಣೆ ತೆಗೆದುಕೊಳ್ಳಿ. ಈ ಪ್ರದೇಶಕ್ಕೆ ಹೆಸರು ಕೊಟ್ಟ ಕೋಟೆಯೇ ಈಗಿಲ್ಲ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಅವರ ಕಾಲದಲ್ಲಿ ಗೋಡೆಗಳನ್ನು ಕೆಡವಿದರು. ಅಪೊಲೊ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್ ಎಂಬ ಮೂರು ಬಾಗಿಲುಗಳಲ್ಲಿ ಒಂದರ ಹೆಸರು ನಮ್ಮ ಲೋಕಲ್ ಗಾಡಿಯ ಕೊನೆಯ ನಿಲ್ದಾಣವಾಗಿ ಉಳಿದಿದೆ. ಸೇಂಟ್ ಜಾರ್ಜ್ ಆಸ್ಪತ್ರೆಯ ಬಳಿ ಫೋರ್ಟ್ ಜಾರ್ಜಿನ ಗೋಡೆಯ ಒಂದು ತುಂಡು ಇನ್ನೂ ಇದೆ. ನಿಮ್ಮ ಪಾತ್ರ ಆ ಕಲ್ಲಿಗೆ ಕೈ ಇಡುತ್ತದೆ ಎಂದುಕೊಳ್ಳಿ. ಸೂತ್ರಧಾರ ಚಿತ್ರ ಬಿಡಿಸಿಟ್ಟರೆ ಕಥೆ ಅಲ್ಲಿಗೆ ಮುಗಿಯಿತು. ಅದರ ಬದಲು ಅವನು ಹೇಳುತ್ತಾನೆ: ಹಾರೆಯ ಸದ್ದು, ಕಲ್ಲು ಉರುಳುವ ಸದ್ದು, ಓಡುತ್ತಿರುವ ಒಬ್ಬನ ಏದುಸಿರು, ಯಾರೋ ತಗ್ಗಿದ ದನಿಯಲ್ಲಿ ಒಂದು ಹೆಸರು. ಈಗ ಮೇಜಿನ ಸುತ್ತ ಎಲ್ಲರೂ ಮುಂದೆ ಬಾಗುತ್ತಾರೆ. ರೇಡಿಯೋ ನಾಟಕ ಇಷ್ಟು ವರ್ಷ ಬದುಕಿದ್ದು ಈ ಕಾರಣಕ್ಕೇ.

ಇನ್ನು ಅಪಾಯ. ಪ್ರತಿ ಸಲ ದಾಳ ಹಾಕಿ 1 ಬಿದ್ದರೆ ತಿರುಗೇಟು ಎಂದು ಇಟ್ಟರೆ ಹೇಗೆ? ಒಂದು ಸಲಕ್ಕೆ ಆರರಲ್ಲಿ ಒಂದು ಪಾಲು, ಕಡಿಮೆ ಎನಿಸುತ್ತದೆ. ನಾಲ್ಕು ಸಲ ಬಳಸಿದರೆ ಒಮ್ಮೆಯಾದರೂ ಪೆಟ್ಟು ಬೀಳುವ ಸಂಭವ ನೂರಕ್ಕೆ ಸುಮಾರು 52. ದಿನದ ಮಾಮೂಲಿ ಕೆಲಸಕ್ಕೆ ಇದು ದುಬಾರಿ, ಹುಡುಗರು ಶಕ್ತಿಯನ್ನೇ ಮುಟ್ಟುವುದಿಲ್ಲ. ಆದ್ದರಿಂದ 1 ಅಂಶದ ಕೆಲಸಕ್ಕೆ ದಾಳವೇ ಬೇಡ. 2 ಅಂಶಕ್ಕೆ ದಾಳದಲ್ಲಿ 1 ಬಿದ್ದರೆ ತಿರುಗೇಟು, 3 ಅಂಶಕ್ಕೆ 1 ಅಥವಾ 2 ಬಿದ್ದರೆ. ತಿರುಗೇಟು ಎಂದರೆ ದಾರಿ ಎರಡೂ ಕಡೆಗೆ ತೆರೆಯುತ್ತದೆ. ನೀವು ಯಾರ ಮನಸ್ಸು ಓದಲು ಹೋದಿರೋ ಅವನಿಗೆ ನಿಮ್ಮ ಮನಸ್ಸಿನ ಒಂದು ವಾಕ್ಯ ಸಿಗುತ್ತದೆ. ಉಳಿದ ಸಿದ್ಧಿಗಳಲ್ಲಾದರೆ ಒಂದು ಗಂಟೆ ಏಕಾಗ್ರತೆ ಇಲ್ಲ. ಮತ್ತು ಪಾತ್ರ ಭಯಗೊಂಡಿರುವಾಗ ಯಾವ ಸಿದ್ಧಿಯೂ ನಡೆಯುವುದಿಲ್ಲ.

ಭವಿಷ್ಯದ ಸಿದ್ಧಿ ಬೇಕೇ ಬೇಕು ಎನ್ನುವವರಿಗೆ ಇನ್ನೊಂದು ಉಪಾಯ. ಆಟ ಶುರುವಾಗುವ ಮೊದಲೇ ಎರಡು ಸಲ ದಾಳ ಹಾಕಿ ಬಿದ್ದ ಅಂಕಿ ಬರೆದಿಡಿ. ಆಮೇಲೆ ಬೇಕಾದಾಗ, ಯಾರೇ ದಾಳ ಹಾಕುವಾಗಲೂ, ಅದರ ಬದಲು ಈ ಅಂಕಿಯನ್ನು ಮುಂದಿಡಬಹುದು. 'ಇದು ಹೀಗೇ ಆಗುತ್ತದೆಂದು ನನಗೆ ಗೊತ್ತಿತ್ತು' ಎನ್ನಬಹುದು. ಸೂತ್ರಧಾರ ಯಾವ ಭವಿಷ್ಯವನ್ನೂ ಹೇಳಬೇಕಿಲ್ಲ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸಿನ 2014ರ ಆವೃತ್ತಿಯಲ್ಲಿ ಮಂತ್ರವಾದಿಯ ಒಂದು ಶಾಖೆಗೆ ಇಂಥದೇ ನಿಯಮ ಇದೆ.

ಮೇಜಿನ ಮರ್ಯಾದೆ

ವಶಿತ್ವವನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಸೇರಿಸಿಕೊಳ್ಳುವವರು ಎರಡು ಮಾತು ಬರೆದುಕೊಳ್ಳಿ. ಜೊತೆಗಾರನ ಪಾತ್ರದ ಮೇಲೆ ಅವನ ಒಪ್ಪಿಗೆ ಇಲ್ಲದೆ ಪ್ರಯೋಗ ಇಲ್ಲ. ಒಪ್ಪಿದರೂ ಮನೋಸಿದ್ಧ ಒಂದು ಮಾತು ಮನಸ್ಸಿನಲ್ಲಿ ಬಿತ್ತಬಹುದು ಅಷ್ಟೇ, ಅದನ್ನು ಹೇಗೆ ನಡೆಸಬೇಕೆಂದು ಆ ಪಾತ್ರದ ಒಡೆಯನೇ ಹೇಳಬೇಕು. ಹತ್ತನೆಯ ತರಗತಿಯ ಹುಡುಗನಿಗೆ 'ಕೇಳಿ ಮುಟ್ಟು' ಎಂಬ ಪಾಠ ಉಪದೇಶದಿಂದ ತಲೆಗೆ ಹೋಗುವುದು ಕಷ್ಟ. ಆಟದಲ್ಲಿ ಒಮ್ಮೆ ತನ್ನ ಪಾತ್ರ ಬೇರೆಯವರ ಕೈಗೆ ಸಿಕ್ಕಿದರೆ ತಾನಾಗಿಯೇ ಹೋಗುತ್ತದೆ.

ಇನ್ನೊಂದು ಮಾತು ನಮ್ಮ ಕರಾವಳಿಯ ಬಂಧುಗಳಿಗಾಗಿ. ಮೈಮೇಲೆ ಬರುವ ಶಕ್ತಿ ಎಂದೊಡನೆ ನಿಮಗೆ ಊರಿನ ಕೋಲ, ದರ್ಶನ ನೆನಪಾಗುತ್ತದೆ. ಅದು ನಂಬಿ ನಡೆದುಕೊಳ್ಳುವವರ ಆರಾಧನೆ. ಅದನ್ನು ದಾಳದ ಲೆಕ್ಕಕ್ಕೆ ತರುವುದು ಬೇಡ. ಹಾಗೆಯೇ ಅಲ್ಲಮನನ್ನೋ ಆಚಾರ್ಯರನ್ನೋ ಆಟದ ಪಾತ್ರ ಮಾಡಬೇಕಾಗಿಲ್ಲ. ಕಥೆಯಿಂದ ನಿಯಮವನ್ನು ಮಾತ್ರ ತೆಗೆದುಕೊಳ್ಳಿ, ಹೆಸರು ಊರು ನೀವೇ ಕಟ್ಟಿ.

ಲೋಕಲ್ ಡಬ್ಬಿಯ ಚೀಟಿ

ಕೊನೆಗೆ, ಇಷ್ಟು ನಿಯಮ ಬರೆದು ಆಡುವುದರಿಂದ ಏನು ಲಾಭ ಎಂದು ಕೇಳುವವರಿದ್ದಾರೆ. ಲೋಕಲ್ ಡಬ್ಬಿಯಲ್ಲಿ ಬಾಗಿಲ ಬಳಿ ಅಂಟಿಸಿದ ಚೀಟಿಗಳನ್ನು ನೀವು ಓದಿರುತ್ತೀರಿ. ಪ್ರೇಮ, ನೌಕರಿ, ಶತ್ರುನಾಶ, ವಶೀಕರಣ, ಎಲ್ಲಕ್ಕೂ ಗ್ಯಾರಂಟಿ. ಆ ಬಾಬಾನ ಶಕ್ತಿಗೆ ಮಿತಿ ಬರೆದಿರುವುದಿಲ್ಲ. ಬೆಲೆಯನ್ನೂ ಮೊದಲು ಹೇಳುವುದಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದು ಇಂಥ ಪ್ರಶ್ನೆಗಳನ್ನು ಎದುರಿಟ್ಟುಕೊಂಡೇ. ಮಹಾರಾಷ್ಟ್ರದಲ್ಲಿ 2013ರಲ್ಲಿ, ಕರ್ನಾಟಕದಲ್ಲಿ 2017ರಲ್ಲಿ ಇಂಥ ವಂಚನೆಗಳ ವಿರುದ್ಧ ಕಾನೂನೇ ಆಯಿತು. 'ನಿಮ್ಮ ಮನಸ್ಸಿನಲ್ಲಿ ಏನೋ ದುಃಖ ಇದೆ' ಎಂದು ಬಾಬಾ ಹೇಳಿದಾಗ, ಮನೋಸಿದ್ಧನ ವೇಷ ಕಟ್ಟಿದ ಹುಡುಗಿ ನಗುತ್ತಾಳೆ. ಅದು ಒಂದು ಅಂಶದ ಕೆಲಸ ಎಂದು ಅವಳಿಗೆ ಗೊತ್ತು. ಅಷ್ಟನ್ನು ಮುಖ ನೋಡಿ ಯಾರಾದರೂ ಹೇಳಬಹುದು.

ಇನ್ನೊಂದು ಲಾಭ ನಮ್ಮ ಭಾಷೆಗೆ. ಮುಂಬಯಿಯ ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಅರ್ಥ ಮಾಡಿಕೊಳ್ಳುತ್ತಾರೆ, ಮಾತಾಡಲು ಹಿಂಜರಿಯುತ್ತಾರೆ. 'ಊಟ ಆಯ್ತಾ', 'ಬಂದೆ' ಎಂಬುದರ ಆಚೆ ಕನ್ನಡದಲ್ಲಿ ವಾದ ಮಾಡಲು, ಬೇಡಲು, ಸುಳ್ಳು ಹೇಳಲು, ಹೆದರಿಸಲು ಅವರಿಗೆ ಸಂದರ್ಭವೇ ಇಲ್ಲ. ಈ ಆಟ ಪೂರ್ತಿ ಮಾತಿನಿಂದಲೇ ನಡೆಯುತ್ತದೆ. ಅಜ್ಜನಿಗೆ ಸಹದೇವನ ಕಥೆ ಗೊತ್ತು, ಮೊಮ್ಮಗಳಿಗೆ ದಾಳದ ಲೆಕ್ಕ ಗೊತ್ತು. ಒಂದು ಆದಿತ್ಯವಾರ ಅಜ್ಜನೇ ಸೂತ್ರಧಾರನಾಗಿ ಕೂರಲಿ. ತಪ್ಪು ಕನ್ನಡ ಬಂದರೆ ತಿದ್ದದೆ ಆಟ ಮುಂದುವರಿಸಿ, ಅದೊಂದೇ ನನ್ನ ವಿನಂತಿ.

ನಿಮ್ಮ ಮನೆಯಲ್ಲಿ ಕಟ್ಟಿದ ಮನೋಸಿದ್ಧನಿಗೆ ಯಾವ ಸಿದ್ಧಿ ಕೊಟ್ಟಿರಿ, ಅದಕ್ಕೆ ಯಾವ ಬೇಲಿ ಹಾಕಿದಿರಿ, ಒಂದು ಪುಟದಲ್ಲಿ ಬರೆದು ಕಳಿಸಿ. ಚೆನ್ನಾಗಿರುವುದನ್ನು ನಮ್ಮ ಕನ್ನಡ ವೇಳೆಯಲ್ಲಿ ಓದೋಣ.